ಗೆದ್ದಲು ಬೈದ ಕಿಟಕಿ

ಹಳೆ ಸ್ಕೂಟರಿನ ಶೆಡ್ಡಿಗೆ ಹಿಂದಿನ ವರ್ಷ ಹಾಕಿದ್ದ ಹೊಸ ಕಿಟಕಿ ಒಂದೇ ಮಳೆಗಾಲಕ್ಕೆ ಗೆದ್ದಲು ಹಿಡಿದು ಪುಡಿಪುಡಿಯಾಗಿ ಉದುರಿಹೋಯಿತು. ಅದರ ಥಳುಕಿಗೆ ಮರುಳಾಗಿದ್ದ ಸ್ಕೂಟರ್, ಈ ಸಲ ಮೋಸಹೋಗಬಾರದೆಂದು ಹಳೆ ಕಿಟಕಿ ಮಾರುವ ಅಂಗಡಿಗೆ ತಾನೇ ಹೊರಟಿತು. ಅಲ್ಲಿ ತಲೆಮಾರುಗಳಿಂದ ವಾಸವಾಗಿದ್ದ ಗೆದ್ದಲನ್ನು ಕಂಡು, "ಗೆದ್ದಲಮ್ಮಾ, ಮರದ ಗುಣ ನಿಮಗಿಂತ ಬಲ್ಲವರು ಯಾರಿದ್ದಾರೆ? ಒಂದೊಳ್ಳೆ ಕಿಟಕಿ ತೋರಿಸಿ" ಎಂದಿತು.

ಗೆದ್ದಲು ಹಿಗ್ಗಿಹೋಯಿತು. "ಅಗೋ, ಆ ಕೆತ್ತನೆಯ ಮಾವಿನ ಮರದ ಕಿಟಕಿ ನೋಡಪ್ಪಾ! ಬೆಲೆ ಜಾಸ್ತಿಯಾದರೇನು, ಒಂದು ಮೂಲೆ ತಿಂದು ನೋಡಿದ್ದೇನೆ. ಏನು ಮೃದು, ಏನು ರುಚಿ! ಕಣ್ಣು ಮುಚ್ಚಿ ತಗೋ."

"ಹಾಗಾದರೆ ಗೋಡೆಗೆ ಒರಗಿರುವ ಈ ಬೋಳು ಹಲಸಿನ ಮರದ್ದು?"

"ಥೂ, ಅದರ ಸುದ್ದಿ ಎತ್ತಬೇಡ! ನಮ್ಮಜ್ಜಿ ಕಾಲದಿಂದ ಕಚ್ಚಿ ಕಚ್ಚಿ ಹಲ್ಲು ಮುರಿದದ್ದೇ ಬಂತು. ಅಂಗಡಿಯವ ಅರ್ಧ ಬೆಲೆಗೆ ಕೊಡುತ್ತೇನೆಂದರೂ ಒಬ್ಬರೂ ಒಯ್ಯುತ್ತಿಲ್ಲ, ದರಿದ್ರದ್ದು!"

ಸ್ಕೂಟರ್ ಖುಷಿಯಿಂದ ಹಾರ್ನ್ ಹೊಡೆದು, ಹಲಸಿನ ಕಿಟಕಿಯನ್ನೇ ಹಿಂದೆ ಕೂರಿಸಿಕೊಂಡು ಮನೆಗೆ ಬಂತು.

ಈಗಲೂ ಮಳೆಗಾಲ ಬಂತೆಂದರೆ ಆ ಗೆದ್ದಲಿನ ನೆಂಟರೆಲ್ಲ ಶೆಡ್ಡಿಗೆ ಬಂದು, ಕಿಟಕಿಗೆ ಹಿಡಿಶಾಪ ಹಾಕಿ ಹೋಗುತ್ತಾರೆ. "ಇನ್ನೊಂದು ವರ್ಷಕ್ಕೆ ಗ್ಯಾರಂಟಿ ಸಿಕ್ಕಿತು" ಎಂದು ಸ್ಕೂಟರ್ ಒಳಗೆ ಬೆಚ್ಚಗೆ ಮಲಗುತ್ತದೆ.