ಮೂರು ಪೆಟ್ಟಿಗೆ, ಒಂದೇ ಮಾತು

ನಗುವವರು ಈಗಲೇ ನಕ್ಕುಬಿಡಿ. ಕೊನೆಗೆ ನಗು ಬಂದರೂ ಬಾಯಿ ಮುಚ್ಚಿಕೊಳ್ಳಬೇಕಾದೀತು.

ಸಂತೆ ಬೀದಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ ಮಾದೇವಿಗೆ ಒಬ್ಬನೇ ಮಗ, ದುಂಡಪ್ಪ. ಹೇಳಿದ್ದನ್ನು ಮಾಡುತ್ತಿದ್ದ. ಹೇಳಿದ್ದನ್ನಷ್ಟೇ ಮಾಡುತ್ತಿದ್ದ. ಅದೇ ಅವಳ ತಲೆಬೇನೆ.

ಊರಿನ ಮದುವೆಗಳೆಲ್ಲ ಅವಳ ಕಂಪ್ಯೂಟರಿನಲ್ಲಿದ್ದವು. ವಿಧವೆ ಬಾಳವ್ವ ಸಂತೆಗೊಮ್ಮೆ ಬಂದು, ಮಗಳ ಮದುವೆಯಲ್ಲಿ ಗಂಡ ಕುಣಿದದ್ದನ್ನು ನೋಡಿ ಹೋಗುವಳು. ಸತ್ತವನ ಮುಖ ಅವಳಿಗೆ ಬೇರೆಲ್ಲೂ ಸಿಗುತ್ತಿರಲಿಲ್ಲ.

ಕಂಪ್ಯೂಟರಿನ ಹೊಟ್ಟೆ ತುಂಬಿತು. ಮಾದೇವಿ ಎಲ್ಲವನ್ನೂ ತೆಗೆದು ಮೂರು ಹಾರ್ಡ್ ಡಿಸ್ಕ್ ಪೆಟ್ಟಿಗೆಗೆ ಹಾಕಿದಳು.

"ಮೂರರಾಗೂ ಎಲ್ಲಾ ಮದುವಿ ಇಟ್ಟೀನಿ. ಒಂದು ಹೋದ್ರ ಇನ್ನೊಂದು ಇರ್ತದ. ಜ್ವಾಕಿ."

ದುಂಡಪ್ಪ ಮೂರನ್ನೂ ಒಂದರ ಮೇಲೊಂದು ಪೇರಿಸಿ ಒಂದೇ ಸ್ಟೂಲಿನ ಮೇಲಿಟ್ಟ. ಆಡು ಬಂತು, ಸ್ಟೂಲು ಬಿತ್ತು, ಮೇಲಿನದು ಒಡೆಯಿತು.

"ಎಲ್ಲಾ ಒಂದ ಕಡೆ ಇಡ್ತಾರೇನೋ? ಮೂರು ಮನ್ಯಾಗ ಇಡು."

"ಆಗಲಿ ಬೇ ಯವ್ವ."

ಅವಳು ಹೊಸದೊಂದು ತಂದು ತುಂಬಿ ಕೊಟ್ಟಳು. ದುಂಡಪ್ಪ ಒಂದನ್ನು ತಮ್ಮ ಮನೆಯಲ್ಲಿ, ಉಳಿದವನ್ನು ಎಡಮನೆ ಬಲಮನೆಯಲ್ಲಿ ಇಟ್ಟ. ಮೂರಕ್ಕೂ ಸೇರಿಸಿ ಒಂದೇ ಕರೆಂಟ್ ವೈರು ಎಳೆದ. ಸಿಡಿಲು ಹೊಡೆಯಿತು. ನೆರೆಮನೆಯವೆರಡೂ ಸುಟ್ಟವು. ತಮ್ಮದರ ಪಿನ್ನು ಕಿತ್ತು ಮಿಕ್ಸರ್ ಹಚ್ಚಿದ್ದ, ಹಾಗಾಗಿ ಮಿಕ್ಸರ್ ಸತ್ತಿತು, ಡಿಸ್ಕ್ ಉಳಿಯಿತು.

ಓಣಿಯೆಲ್ಲ ಕೂಡಿ ನಕ್ಕಿತು. ಮಾದೇವಿ ಸೆರಗು ಮುಖಕ್ಕೆಳೆದುಕೊಂಡಳು. "ಮುಖ ಎತ್ತಿ ತಿರಗದಂಗ ಮಾಡಿದಿ."

ಅಂದು ದುಂಡಪ್ಪ ರೊಟ್ಟಿ ಒಲ್ಲೆ ಅಂದ. ಇನ್ನೊಮ್ಮೆ ಅವ್ವನ ಮುಖ ಕೆಡಿಸಬಾರದು ಅಂದುಕೊಂಡ.

ಹೊಸವೆರಡು ಬಂದವು. ತುಂಬುವ ಮೊದಲೇ ಮಾದೇವಿ ಪರ ಊರಿನ ಮದುವೆಗೆ ಕ್ಯಾಮೆರಾ ಹೊತ್ತು ಹೊರಟಳು.

"ನಾ ಬರೂದ್ರಾಗ ಮೂರನ್ನೂ ಒಂದ ಥರಾ ಮಾಡು. ಒಂದು ಬ್ಯಾರೆ ತೋರಿಸಿದ್ರ ಅದು ಕೆಟ್ಟೈತಿ ಅಂತ ತಿಳಿ. ಎರಡು ತೋರಿಸಿದ್ದ ಖರೆ."

ದುಂಡಪ್ಪ ಕಂಪ್ಯೂಟರಿಗೆ ಹಚ್ಚಿ ನೋಡಿದ. ಹೊಸದರಲ್ಲಿ ಏನೂ ಇಲ್ಲ. ಇನ್ನೊಂದು ಹೊಸದರಲ್ಲೂ ಏನೂ ಇಲ್ಲ. ಹಳೆಯದರಲ್ಲಿ ಮದುವೆಯೋ ಮದುವೆ. ಸಿಕ್ಕಿತು ಕೆಟ್ಟದ್ದು ಅಂತ ಕೂತು, ಒಂದೊಂದೇ ಮದುವೆ ಅಳಿಸಿದ.

ಸಂತೆಯ ದಿನ ಮಾದೇವಿ ಬಂದು ಕ್ಯಾಮೆರಾ ಇಳಿಸುವಷ್ಟರಲ್ಲಿ ಬಾಳವ್ವನೂ ಬಂದಳು. ಗಂಡನೆದುರು ಕೂರುವಂತೆ ಸೆರಗು ಸರಿಮಾಡಿಕೊಂಡು ಕೂತಳು.

"ಹಚ್ಚಪಾ ದುಂಡಪ್ಪ, ನಮ್ಮವರನ್ನ ನೋಡೂಣು."

ಮೊದಲನೆಯದು ಹಚ್ಚಿದ. ಪರದೆ ಖಾಲಿ. ಎರಡನೆಯದು ಹಚ್ಚಿದ. ಖಾಲಿ. ಮಾದೇವಿಗೆ ತಿಳಿಯಿತು. ಬಾಳವ್ವನ ಮುಖ ನೋಡಲಾರದೆ ಗೋಡೆಗೆ ತಿರುಗಿ ನಿಂತಳು.

ಬೈಗುಳ ಬಾರದ್ದು ಕಂಡು ದುಂಡಪ್ಪನಿಗೆ ಜೀವ ಬಂತು. ಮೂರನೆಯದನ್ನೂ ಹಚ್ಚಿದ.

"ಈ ಸಲ ತಪ್ಪಿಲ್ಲ ನೋಡು ಬೇ ಯವ್ವ. ಮೂರೂ ಒಂದ ಮಾತು ಹೇಳ್ತಾವ."