ಮೊದಲ ತೂಬು

“ಗುರುಗಳೇ, ಹೃದಯ ದೇಹಕ್ಕೆಲ್ಲ ರಕ್ತ ಹಂಚುತ್ತದೆ ಎಂದಿರಿ. ತನಗಾಗಿ ಎಷ್ಟು ಇಟ್ಟುಕೊಳ್ಳುತ್ತದೆ?”

ಕೇಳಿದವನು ನಿಜಗುಣ, ವೈದ್ಯವಿದ್ಯೆ ಕಲಿಯಲು ಬಂದ ಶಿಷ್ಯ. ಊರಿಗೆ ಜ್ವರ ಬಂದು ಮಠದ ಪಡಸಾಲೆಯಲ್ಲಿ ಮೂವತ್ತು ಜನ ಮಲಗಿದ್ದರು. ಕೊನೆಯ ರೋಗಿ ಎದ್ದು ಕೂರುವವರೆಗೆ ಅನ್ನ ಮುಟ್ಟುವುದಿಲ್ಲ ಎಂದು ಅವನು ಹಟ ತೊಟ್ಟು ನಾಲ್ಕು ದಿನವಾಗಿತ್ತು. ರೋಗಿಗಳಿಗೆ ಕುಡಿಸುವಾಗ ಅರ್ಧ ಕಷಾಯ ನೆಲಕ್ಕೆ ಚೆಲ್ಲುತ್ತಿತ್ತು. ‘ಏನೂ ಇಟ್ಟುಕೊಳ್ಳುವುದಿಲ್ಲ’ ಎಂಬ ಉತ್ತರವೇ ಅವನಿಗೆ ಬೇಕಿತ್ತು.

ಗುರುಗಳು ಗಂಜಿಯ ಬಟ್ಟಲನ್ನು ಅವನ ಮುಂದಿಟ್ಟರು. ಅವನು ಪಕ್ಕಕ್ಕೆ ಸರಿಸಿದ. ಗುರುಗಳು ಕತೆ ಹೇಳಿದರು.

ಒಬ್ಬ ರೈತನ ಬಾವಿಗೆ ಕಪಿಲೆ ಕಟ್ಟಿತ್ತು. ಎತ್ತುಗಳೆರಡು ಇಳಿಜಾರಿನಲ್ಲಿ ಮುಂದೆ ನಡೆದಾಗ ಹಗ್ಗ ಎಳೆದು ಚರ್ಮದ ಚೀಲ ನೀರು ತುಂಬಿಕೊಂಡು ಮೇಲೆ ಬರುತ್ತಿತ್ತು. ಅವು ಹಿಂದೆ ಸರಿದಾಗ ಬರಿದಾಗಿ ಕೆಳಗಿಳಿಯುತ್ತಿತ್ತು. ನೀರು ಕಾಲುವೆ ಹಿಡಿದು ಎಲ್ಲರ ಮಡಿ ತೋಯಿಸಿ, ಇಂಗಿ, ಮತ್ತೆ ಅದೇ ಬಾವಿಗೆ ಬರುತ್ತಿತ್ತು. ಕಾಲುವೆಯ ಮೊದಲ ತೂಬು ಮಾತ್ರ ಯಾರ ಮಡಿಗೂ ಹೋಗುತ್ತಿರಲಿಲ್ಲ. ಅದು ಎತ್ತುಗಳ ಕಲ್ಲುತೊಟ್ಟಿಗೆ ಹೋಗುತ್ತಿತ್ತು. ಪ್ರತಿ ಸಲ ಹಿಂದೆ ಬಂದು ನಿಂತಾಗ ಅವು ಒಂದೊಂದು ಗುಟುಕು ಕುಡಿಯುತ್ತಿದ್ದವು.

ಕಾಲುವೆಯ ಕೊನೆಯಲ್ಲಿ ಒಬ್ಬ ಮುದುಕಿಯ ಬದನೆ ಮಡಿ ಬಾಡುತ್ತಿತ್ತು. ರೈತ ಒಳ್ಳೆಯವನು. ತೊಂದರೆ ಶುರುವಾದದ್ದೇ ಅಲ್ಲಿ. ಏನಾದರೂ ಸರಿ, ಮುದುಕಿಯ ಮಡಿಗೆ ನೀರು ಮುಟ್ಟಿಸಿಯೇ ತೀರುತ್ತೇನೆ ಎಂದು ಹೊರಟ. ಜೇಡಿಮಣ್ಣು ಕಲಸಿ ತಂದು ಮೊದಲ ತೂಬಿಗೆ ಮೆತ್ತಿದ.

ಹೆಂಡತಿ ತಡೆದಳು. “ದುಡಿಯೋ ಎತ್ತಿನ ಬಾಯಿಗೆ ಮಣ್ಣು ಹಾಕ್ತೀಯಲ್ಲ?”

“ದಿನವೆಲ್ಲ ಬಾವಿ ಪಕ್ಕದಲ್ಲೇ ಇರ್ತವೆ. ಅವಕ್ಕೇನು ಬಾಯಾರಿಕೆ?”

ಆ ದಿನ ಮುದುಕಿಯ ಮಡಿ ತೋಯ್ದಿತು. ಅವಳು ಅವನನ್ನು ಬಾಯಿತುಂಬ ಹರಸಿದಳು. ಅವನು ಇನ್ನಷ್ಟು ಮಣ್ಣು ಮೆತ್ತಿದ.

ಮೂರನೆಯ ದಿನ ಬಲಗಡೆಯ ಎತ್ತು ಮೊಣಕಾಲೂರಿ ಕುಸಿಯಿತು. ಸಂಜೆಗೆ ಇನ್ನೊಂದೂ ಬಿತ್ತು. ರೈತ ಓಡಿಹೋಗಿ ಉಗುರಿನಿಂದಲೇ ಮಣ್ಣು ಕಿತ್ತ. ತೂಬಿನಿಂದ ಹನಿ ನೀರೂ ಬರಲಿಲ್ಲ. ಕಾಲುವೆಗೆ ನೀರೆತ್ತುವವರು ಯಾರು? ಬಾವಿ ತುಂಬಿಯೇ ಇತ್ತು. ಮಡಿಗಳೆಲ್ಲ ಒಣಗಿದವು. ಎಲ್ಲಕ್ಕಿಂತ ಮೊದಲು ಒಣಗಿದ್ದು ಮುದುಕಿಯದು.

ಗುರುಗಳು ಕತೆ ನಿಲ್ಲಿಸಿದರು. ನಿಜಗುಣ ಸುಲಭಕ್ಕೆ ಸೋಲುವವನಲ್ಲ.

“ಆದರೆ ಹೃದಯದೊಳಗೆ ಸದಾ ರಕ್ತ ತುಂಬಿರುತ್ತದಲ್ಲ, ಗುರುಗಳೇ? ಅದಕ್ಕೇಕೆ ಬೇರೆ ಪಾಲು?”

“ನೀನೂ ಆ ರೈತನ ಮಾತನ್ನೇ ಆಡಿದೆ. ಒಳಗೆ ಹಾಯುವ ರಕ್ತ ಅದರ ದಪ್ಪ ಗೋಡೆಯ ಹಸಿವು ನೀಗಿಸುವುದಿಲ್ಲ. ಹೊರಟ ರಕ್ತದ ಮೊದಲ ಕವಲುಗಳು ತಿರುಗಿ ಹೃದಯಕ್ಕೇ ಬರುತ್ತವೆ. ಮಿದುಳಿನ ಪಾಲೂ ಅದರ ನಂತರವೇ. ಬಡಿತ ಬಡಿತದ ನಡುವೆ ಸಡಿಲಗೊಂಡಾಗ ಹೃದಯ ತನ್ನ ಪಾಲು ಕುಡಿಯುತ್ತದೆ. ಹಾಗೆ ಕುಡಿಯುವುದರಿಂದಲೇ ಸಾಯುವ ತನಕ ದುಡಿಯುತ್ತದೆ.”

ಪಡಸಾಲೆಯಿಂದ ಯಾರೋ ನೀರು ಕೇಳಿದರು. ನಿಜಗುಣ ಎದ್ದ. ಕಣ್ಣು ಕತ್ತಲೆ ಬಂದು ಗೋಡೆ ಹಿಡಿದ.

ಗುರುಗಳು ಬಟ್ಟಲನ್ನು ಅವನ ಕೈಗಿತ್ತರು.

“ಎತ್ತು ಬೀಳುವ ಮೊದಲು ಮಣ್ಣು ತೆಗೆ.”