ಬದು ಕೆತ್ತಿದ ರೈತ

"ಗುರುಗಳೇ, ಒತ್ತುವರಿ ಎಂದರೇನು? ಆ ಮಾತನ್ನು ಎಲ್ಲಿ ಬಳಸಬೇಕು?" ಎಂದು ಶಿಷ್ಯ ಕೇಳಿದ. ಕೇಳುವಾಗ ಅವನ ಕಣ್ಣು ಪಕ್ಕದಲ್ಲಿ ಕುಳಿತಿದ್ದ ಇನ್ನೊಬ್ಬ ಶಿಷ್ಯನ ಮೇಲಿತ್ತು.

ಗುರುಗಳು ಕತೆ ಹೇಳಿದರು.

ಒಬ್ಬ ರೈತನಿಗೆ ಒಂದೇ ಒಂದು ಗದ್ದೆ ಇತ್ತು. ಮನೆಮಂದಿಗೆಲ್ಲ ವರ್ಷದ ಅನ್ನ ಅದರಿಂದಲೇ ಬರಬೇಕು. ಕೆಳಗಿನ ಗದ್ದೆ ಬೇರೊಬ್ಬನದು. ನಡುವೆ ಎತ್ತು ನಡೆಯುವಷ್ಟು ಅಗಲದ ಬದು. ನಾಟಿಗೆ ಮೊದಲು ಬದುವಿನ ಹುಲ್ಲು ಕೆತ್ತಿ, ಇಲಿಬಿಲ ಮುಚ್ಚಿ, ಕೆಸರು ಮೆತ್ತುವುದು ವಾಡಿಕೆ. ರೈತನೂ ಕೆತ್ತುತ್ತಿದ್ದ. ಹುಲ್ಲಿನ ಜೊತೆ ಒಂದಿಷ್ಟು ಮಣ್ಣೂ ಬಂದರೆ ಅದು ಗುದ್ದಲಿಯ ತಪ್ಪು, ತನ್ನದಲ್ಲ ಎಂದುಕೊಳ್ಳುತ್ತಿದ್ದ. ವರ್ಷಕ್ಕೊಂದು ಸಾಲು ಪೈರು ಹೆಚ್ಚಾಯಿತು. ದೇವರು ಕಣ್ಣು ಬಿಟ್ಟ ಎಂದು ಹಿಗ್ಗಿದ.

ಬುತ್ತಿ ಹೊತ್ತು ಆ ಬದುವಿನ ಮೇಲೆ ಬರಬೇಕಾದವಳು ಹೆಂಡತಿ. ಒಂದು ಪಾದದ ಮುಂದೆ ಇನ್ನೊಂದು ಪಾದವಿಟ್ಟು, ಉಸಿರು ಬಿಗಿಹಿಡಿದು ಬಂದು ಕೇಳಿದಳು: "ಅಲ್ಲಾ, ನೀವು ಬದು ಕೆತ್ತೋಕೆ ಬರ್ತೀರೋ, ಬದುವನ್ನೇ ಮನೆಗೆ ಸಾಗಿಸೋಕೆ ಬರ್ತೀರೋ?"

"ನಿನಗೇನು ಗೊತ್ತು, ಸುಮ್ಮನಿರು. ಹುಲ್ಲು ಕೆತ್ತಿದ್ದೀನಿ, ಅಷ್ಟೇ" ಎಂದು ರೈತ ರೇಗಿದ.

ಕೆಳಗದ್ದೆಯವನೇನು ಕೈಕಟ್ಟಿ ಕುಳಿತಿರಲಿಲ್ಲ. ಅವನಿಗೂ ಗುದ್ದಲಿ ಇತ್ತು, ಅವನ ಕಡೆಯೂ ಹುಲ್ಲು ಬೆಳೆಯುತ್ತಿತ್ತು.

ಒಂದು ವರ್ಷ ನಾಟಿ ಮುಗಿಸಿ ನೀರು ಕಟ್ಟಿದ ಮರುದಿನವೇ ಬದು ಕುಸಿಯಿತು. ರೈತನ ನೀರು, ಗೊಬ್ಬರ, ನೆಟ್ಟ ಪೈರು ಎಲ್ಲವೂ ಕೊಚ್ಚಿಕೊಂಡು ಕೆಳಗದ್ದೆಗೆ ಇಳಿದವು. ಅಲ್ಲಿದ್ದ ಪೈರು ಕೆಸರಿನಡಿ ಹೂತುಹೋಯಿತು. ವರ್ಷದ ಅನ್ನ ಹೋಯಿತಲ್ಲ ಎಂದು ರೈತ ತಲೆಯ ಮೇಲೆ ಕೈ ಹೊತ್ತು ಕುಳಿತ. ಆಮೇಲೆ ಧಡಕ್ಕನೆ ಎದ್ದು ಊರ ಹಿರಿಯನ ಮನೆಗೆ ಓಡಿದ. ಕೆಳಗದ್ದೆಯವನು ಆಗಲೇ ಅಲ್ಲಿದ್ದ.

"ನನ್ನ ನೀರು, ನನ್ನ ಪೈರು ಎಲ್ಲಾ ಇವನ ಗದ್ದೇಲಿದೆ. ಇದು ಒತ್ತುವರಿ ಅಲ್ವಾ?" ಎಂದು ರೈತ ಕೂಗಿದ.

"ಇವನ ಗದ್ದೇನೇ ಬಂದು ನನ್ನ ಗದ್ದೆ ಮೇಲೆ ಕೂತಿದೆ. ಒತ್ತುವರಿ ಅಂದ್ರೆ ಇದು!" ಎಂದು ಕೆಳಗದ್ದೆಯವನು ಅವನಿಗಿಂತ ಜೋರಾಗಿ ಕೂಗಿದ.

ಹಿರಿಯ ಇಬ್ಬರನ್ನೂ ಗದ್ದೆಗೆ ಕರೆತಂದು, ನಿಮ್ಮ ಬದು ಯಾವುದು ತೋರಿಸಿ ಎಂದ. ತೋರಿಸಲು ಬದು ಇರಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಬೆರಳು ಮಾಡಿ ತೋರಿಸಿದರು.

ಕತೆ ಕೇಳಿ ಶಿಷ್ಯ ಬಿದ್ದು ಬಿದ್ದು ನಕ್ಕ. "ಹಾಗಾದರೆ ಒತ್ತುವರಿ ಮಾಡಿದವನು ಯಾರು, ಗುರುಗಳೇ?"

"ಪಕ್ಕದವನು ಮಾಡಿದರೆ ಒತ್ತುವರಿ, ನಾವು ಮಾಡಿದರೆ ಹುಲ್ಲು ಕೆತ್ತುವುದು, ಆ ಮಾತಿನ ಬಳಕೆ ಇಷ್ಟೇ ಕಣಪ್ಪಾ" ಎಂದರು ಗುರುಗಳು.

ಶಿಷ್ಯ ಪಕ್ಕದವನ ಜಾಗಕ್ಕೆ ಚಾಚಿದ್ದ ತನ್ನ ಕಾಲನ್ನು ಮೆಲ್ಲನೆ ಹಿಂದಕ್ಕೆ ಎಳೆದುಕೊಂಡ.